ಅವ್ಲೀಲ್ ದ್ವೀಪವೂ ಸೆನೆಗಾಲ್ ನದಿಯ ಅಳಿವೆಯೂ

ಸಿಸಿಲಿಯ ದೊರೆ ಎರಡನೆಯ ರೋಜರನ ಆಶ್ರಯದಲ್ಲಿದ್ದ ಅಲ್-ಇದ್ರೀಸಿಯು ಕ್ರಿ.ಶ. ೧೧೫೪ರಲ್ಲಿ ಮುಗಿಸಿದ ಭೂಗೋಳ ಗ್ರಂಥದಲ್ಲಿ, ಪಶ್ಚಿಮ ಆಫ್ರಿಕದ ಕಡಲಂಚನ್ನು ವರ್ಣಿಸುವೆಡೆ, ಅವ್ಲೀಲ್ ಎಂಬ ದ್ವೀಪದ ಮಾತು ಬರುತ್ತದೆ. ಈ ದ್ವೀಪವು ದಡಕ್ಕೆ ದೂರವಲ್ಲದೆ ಕಡಲಿನಲ್ಲಿರುವುದೆಂದೂ, ಅಲ್ಲಿ ಹೆಸರುವಾಸಿಯಾದ ಉಪ್ಪಿನ ಆಕರವುಂಟೆಂದೂ, ಹಡಗುಗಳು ಅಲ್ಲಿಗೆ ಬಂದು ಉಪ್ಪನ್ನು ತುಂಬಿಕೊಂಡು ಒಂದು ದಿನದ ಪಯಣದಲ್ಲಿ ‘ನೈಲ್’ ನದಿಯ ಅಳಿವೆಯನ್ನು ಮುಟ್ಟಿ, ಅಲ್ಲಿಂದ ನದಿಯ ಮೇಲಕ್ಕೆ ಸಾಗಿ ಸಿಲ್ಲಾ, ತಕ್ರೂರ್, ಬರೀಸಾ, ಘಾನಾ ಮೊದಲಾದ ಪಟ್ಟಣಗಳಿಗೆ ಅದನ್ನು ಒಯ್ಯುವುವೆಂದೂ ಅವನು ಹೇಳಿರುವನು. ಇಲ್ಲಿ ಹೇಳಿರುವ ‘ನೈಲ್’ ಈಜಿಪ್ಟಿನ ನದಿಯಲ್ಲ. ಪಶ್ಚಿಮಾಭಿಮುಖವಾಗಿ ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಇಂದಿನ ಸೆನೆಗಾಲ್ ನದಿಯು. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಅವ್ಲೀಲಿನ ಸ್ಥಾನದ ವಿಷಯದಲ್ಲಿ. ಅದನ್ನು ನಿರ್ಣಯಿಸಲು ನಮಗೆ ದೊರೆತಿರುವ ಮುಖ್ಯವಾದ ಅಳತೆಗೋಲು ‘ಒಂದು ದಿನ’ ಎಂಬ ಈ ಮಾತೇ ಆಗಿರುವುದರಿಂದ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ಇದು ಕೇವಲ ಒಂದು ಊರಿನ ಸ್ಥಳವನ್ನು ಗುರುತಿಸುವ ಪ್ರಶ್ನೆಯಲ್ಲ. ಪೋರ್ಚುಗೀಸರ ಹಡಗುಗಳು ೧೪೪೪-೪೫ರ ಸುಮಾರಿಗೆ ಈ ತೀರವನ್ನು ಮುಟ್ಟುವುದಕ್ಕೆ ಮುಂಚೆ ಇಲ್ಲಿಯ ಜನರಿಗೆ ಕಡಲಿನ ವ್ಯವಹಾರವೇ ಇರಲಿಲ್ಲವೆಂಬ ಭಾವನೆಯು ಬಹುಕಾಲ ಯೂರೋಪಿನ ಬರೆಹಗಾರರಲ್ಲಿ ನೆಲಸಿದ್ದಿತು. ಇದ್ರೀಸಿಯ ಮಾತು ನಿಜವಾದರೆ, ಅದಕ್ಕೆ ಮುನ್ನೂರು ವರ್ಷಗಳ ಹಿಂದೆಯೇ ಈ ತೀರದಲ್ಲಿ ಉಪ್ಪಿನ ಸರಕನ್ನು ಹೊತ್ತ ದೋಣಿಗಳು ಒಂದು ಹಗಲು ಕಡಲಿನಲ್ಲಿ ನಡೆದು, ಅಪಾಯಕರವಾದ ಅಳಿವೆಯೊಂದನ್ನು ದಾಟಿ, ನದಿಯನ್ನು ಏರುತ್ತಿದ್ದುವೆಂದಾಗುತ್ತದೆ. ಮಾತು ಸುಳ್ಳಾದರೆ, ಪಲೆರ್ಮೊ ನಗರದಲ್ಲಿ ಕುಳಿತ ಗ್ರಂಥಕರ್ತನೊಬ್ಬನು ಮರುಭೂಮಿಯ ಒಂಟೆಸಾಲಿನ ವ್ಯಾಪಾರವನ್ನು ಕಡಲಿನ ಮೇಲೆ ಬರೆದನೆಂದು ತಿಳಿಯಬೇಕಾಗುತ್ತದೆ.

ಇದ್ರೀಸಿಯು ಅವ್ಲೀಲನ್ನು ಹೆಸರಿಸಿದವರಲ್ಲಿ ಮೊದಲಿಗನಲ್ಲ. ಹತ್ತನೆಯ ಶತಮಾನದ ಇಬ್ನ್ ಹೌಕಲನು ಅವುದಗುಸ್ತ್ ಪಟ್ಟಣದಿಂದ ಅವ್ಲೀಲಿಗೆ ಒಂದು ತಿಂಗಳ ದಾರಿಯೆಂದು ಹೇಳಿ, ಒಳನಾಡಿನಲ್ಲಿ ಒಂದು ಒಂಟೆಯ ಹೊರೆಯಷ್ಟು ಉಪ್ಪಿಗೆ ಇನ್ನೂರರಿಂದ ಮುನ್ನೂರು ದೀನಾರುಗಳವರೆಗೆ ಬೆಲೆಯಿತ್ತೆಂದು ತಿಳಿಸಿದ್ದಾನೆ. ಚಿನ್ನ ಹೇರಳವಾಗಿಯೂ ಉಪ್ಪು ದುರ್ಲಭವಾಗಿಯೂ ಇದ್ದ ಒಳನಾಡಿನ ಸ್ಥಿತಿಯನ್ನು ನೆನೆದರೆ ಈ ಬೆಲೆಯಲ್ಲಿ ಅತಿಶಯವಿದ್ದರೂ ಅಸಂಭಾವ್ಯವಿಲ್ಲ. ಅನಂತರ ೧೦೬೮ರಲ್ಲಿ ಕೊರ್ದೋಬದಲ್ಲಿ ಬರೆದ ಅಲ್-ಬಕ್ರಿಯು, ಈ ಆಕರವು ಗುದಾಲ ಜನರ ನಾಡಿನಲ್ಲಿ ಕಡಲತೀರದಲ್ಲಿರುವುದೆಂದು ಹೇಳುತ್ತಾನೆ. ಅದರ ಸಮೀಪದಲ್ಲಿ ಅಯೂನೀ ಎಂಬ ಸ್ಥಳವಿದ್ದು, ಉಬ್ಬರದ ಹೊತ್ತಿನಲ್ಲಿ ದೋಣಿಯಿಂದ ಮಾತ್ರ ಅಲ್ಲಿಗೆ ಹೋಗಬಹುದೆಂದೂ, ಇಳಿತದಲ್ಲಿ ಕಾಲ್ನಡೆಯಿಂದಲೇ ತಲುಪಬಹುದೆಂದೂ, ಅಲ್ಲಿಯವರು ಕಡಲಾಮೆಯ ಮಾಂಸವನ್ನು ತಿಂದು ಬದುಕುವರೆಂದೂ ಅವನ ವರ್ಣನೆ. ಅಲ್-ಬಕ್ರಿಯು ಸ್ಪೇನನ್ನು ಬಿಟ್ಟು ಹೊರಗೆ ಹೋದವನೇ ಅಲ್ಲ. ಆದರೆ ವರ್ತಕರ ಮಾತುಗಳನ್ನು ಎಚ್ಚರದಿಂದ ಸಂಗ್ರಹಿಸಿದವನು. ಉಬ್ಬರವಿಳಿತದ ಈ ವಿವರವನ್ನು ಕಣ್ಣಾರೆ ಕಂಡವರು ಹೇಳಿರದೆ ಮನೆಯಲ್ಲಿ ಕುಳಿತು ಕಲ್ಪಿಸುವುದು ಕಷ್ಟ.

ಇಲ್ಲಿ ಒಂದು ಶಬ್ದವಿಚಾರವನ್ನು ಗಮನಿಸಬೇಕು. ಅರಬ್ಬೀ ಭಾಷೆಯ ‘ಜಜೀರಾ’ ಎಂಬ ಪದಕ್ಕೆ ದ್ವೀಪವೆಂದೂ ಪರ್ಯಾಯದ್ವೀಪವೆಂದೂ ಎರಡರ್ಥಗಳುಂಟು. ಕೊಂಕಣ ತೀರದ ಜಂಜೀರಾ ಕೋಟೆಯ ಹೆಸರೂ ಇದೇ ಪದದಿಂದ ಬಂದುದು. ಅದು ನಿಜವಾದ ದ್ವೀಪ. ಆದರೆ ಅರೇಬಿಯವನ್ನೂ ಅರಬರು ‘ಜಜೀರಾ’ ಎಂದೇ ಕರೆಯುವರು, ಅದು ದ್ವೀಪವಲ್ಲ. ಆದುದರಿಂದ ಇದ್ರೀಸಿಯ ಅವ್ಲೀಲನ್ನು ನಾಲ್ಕು ಕಡೆಯೂ ನೀರಿನಿಂದ ಆವೃತವಾದ ನೆಲವೆಂದೇ ಭಾವಿಸಿ ನಕ್ಷೆಯಲ್ಲಿ ದ್ವೀಪಗಳನ್ನು ಹುಡುಕುವುದು ಅನಾವಶ್ಯಕ. ಕಡಲಿಗೂ ಉಪ್ಪುನೀರಿನ ಹಿನ್ನೀರಿಗೂ ನಡುವೆ ಚಾಚಿದ ಮರಳಿನ ನಾಲಗೆಯೂ ಈ ಪದಕ್ಕೆ ಒಗ್ಗುತ್ತದೆ.

ಹೀಗಿದ್ದರೂ ಮೊದಲಿನ ಶೋಧಕರು ದ್ವೀಪವನ್ನೇ ಅರಸಿದರು. ಮಾರಿಟಾನಿಯದ ಉತ್ತರ ತೀರದ ಅರ್ಗುಯಿನ್ ದ್ವೀಪವನ್ನೂ, ಅದರ ದಕ್ಷಿಣಕ್ಕಿರುವ ತಿದ್ರಾ ದ್ವೀಪವನ್ನೂ ಅವ್ಲೀಲೆಂದು ಸೂಚಿಸಿದವರುಂಟು. ಈ ಸೂಚನೆಯು ಲೆಕ್ಕಕ್ಕೆ ನಿಲ್ಲುವುದಿಲ್ಲ. ಅರ್ಗುಯಿನ್ ಸೆನೆಗಾಲಿನ ಅಳಿವೆಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ತಿದ್ರಾ ನಾನೂರಕ್ಕೂ ಹೆಚ್ಚು. ಇದ್ರೀಸಿಯ ಗ್ರಂಥದಲ್ಲಿ ಒಂದು ದಿನದ ಕಡಲಪಯಣವನ್ನು ನೂರು ಮೈಲಿಗಳೆಂದು ಎಣಿಸುವ ಪದ್ಧತಿಯುಂಟು. ಅರಬ್ಬೀ ಮೈಲಿಯು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಎಷ್ಟು ಧಾರಾಳವಾಗಿ ಎಣಿಸಿದರೂ ಇನ್ನೂರು ಕಿಲೋಮೀಟರನ್ನು ಮೀರುವಂತಿಲ್ಲ. ಉಪ್ಪು ಹೇರಿದ ದೋಣಿಗೆ ಅದೂ ಹೆಚ್ಚೇ ಸರಿ.

ಆದರೆ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ತೊಡಕಿದೆ. ದೂರವನ್ನು ಅಳೆಯುವಾಗ ಎರಡು ತುದಿಗಳಲ್ಲಿ ಒಂದಾದರೂ ಸ್ಥಿರವಾಗಿರಬೇಕು. ಅವ್ಲೀಲ್ ಎಲ್ಲಿತ್ತೆಂಬುದು ತಿಳಿಯದು. ನದಿಯ ಅಳಿವೆಯಾದರೋ ಒಂದೇ ಕಡೆ ನಿಂತುದಲ್ಲ.

ಫುಟಾ ಜಲ್ಲೋನ್ ಮಲೆನಾಡಿನಲ್ಲಿ ಹುಟ್ಟುವ ಬಾಫಿಂಗ್ ನದಿಯು ಬಾಫುಲಾಬೆ ಎಂಬಲ್ಲಿ ಬಕೊಯೆಯೊಡನೆ ಕೂಡಿ ಸೆನೆಗಾಲೆಂಬ ಹೆಸರನ್ನು ಪಡೆಯುತ್ತದೆ. ಬಾಫುಲಾಬೆ ಎಂದರೆ ಮಂಡಿಂಗ್ ಭಾಷೆಯಲ್ಲಿ ಎರಡು ನದಿಗಳ ಸಂಗಮ. ಸಾವಿರಾರು ಕಿಲೋಮೀಟರು ಹರಿದುಬಂದ ಈ ನದಿಯು ಕಡಲಿಗೆ ತೀರ ಹತ್ತಿರ ಬಂದಮೇಲೂ ನೇರವಾಗಿ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಬಹುದೂರ ಸಾಗುತ್ತದೆ. ನಡುವೆ ಉಳಿದಿರುವುದು ಕೆಲವೆಡೆ ಕೆಲವು ನೂರು ಮೀಟರುಗಳಷ್ಟೇ ಅಗಲವಾದ ಮರಳಿನ ಪಟ್ಟಿ. ಫ್ರೆಂಚರು ಇದನ್ನು ‘ಬರ್ಬರಿಯ ನಾಲಗೆ’ ಎಂದು ಕರೆದರು. ವಾಯವ್ಯದಿಂದ ಬರುವ ಅಲೆಗಳು ತೀರವನ್ನು ಓರೆಯಾಗಿ ಹೊಡೆಯುತ್ತ ವರ್ಷಂಪ್ರತಿ ಲಕ್ಷಾಂತರ ಘನಮೀಟರು ಮರಳನ್ನು ದಕ್ಷಿಣಕ್ಕೆ ಸಾಗಿಸುವುದರಿಂದ ಈ ನಾಲಗೆಯು ಕ್ರಮವಾಗಿ ಬೆಳೆದು, ಅಳಿವೆಯನ್ನು ತನ್ನ ಮುಂದೆ ತಳ್ಳಿಕೊಂಡು ಹೋಗುತ್ತದೆ. ಮಹಾಪ್ರವಾಹ ಬಂದಾಗಲೋ ಕಡಲು ಉಕ್ಕಿದಾಗಲೋ ಪಟ್ಟಿಯು ಉತ್ತರದಲ್ಲಿ ಎಲ್ಲಾದರೂ ಒಡೆದು ಹೊಸ ಬಾಯಿ ತೆರೆಯುವುದು; ಹಳೆಯದು ಮುಚ್ಚುವುದು; ಮತ್ತೆ ದಕ್ಷಿಣದ ಪಯಣ ಮೊದಲಾಗುವುದು.

ಪೋರ್ಚುಗೀಸರ ಕಾಲದ ದಾಖಲೆಗಳನ್ನು ಈ ತಿಳಿವಿನೊಡನೆ ಓದಬೇಕು. ೧೪೪೫ರ ಹಡಗುಗಳ ವೃತ್ತಾಂತವನ್ನು ಬರೆದ ಜುರಾರನು, ದಡದ ಎರಡು ತಾಳೆಮರಗಳೇ ನಾವಿಕರಿಗೆ ಗುರುತಾಗಿದ್ದುವೆಂದೂ, ಕಡಲಿನ ನೀರಿನ ಬಣ್ಣ ಬೇರೆಯಾದುದನ್ನು ಕಂಡು ಒಬ್ಬನು ಅದನ್ನು ಕೈಯಿಂದ ಎತ್ತಿ ಬಾಯಿಗೆ ಹಾಕಿಕೊಂಡಾಗ ಸಿಹಿಯಾಗಿದ್ದಿತೆಂದೂ, ಆಗ ತಾವು ‘ನೈಲ್’ ನದಿಯ ಬಾಯಿಯಲ್ಲಿರುವೆವೆಂದು ಅವರು ಅರಿತರೆಂದೂ ಹೇಳುತ್ತಾನೆ. ಅರಬರ ಪಶ್ಚಿಮ ನೈಲಿನ ಕಲ್ಪನೆಯು ಅವರನ್ನೂ ಬಿಟ್ಟಿರಲಿಲ್ಲ. ೧೪೫೫ರಲ್ಲಿ ಬಂದ ವೆನಿಸ್ಸಿನ ಕದಮೊಸ್ತೊ ಹೆಚ್ಚು ಸೂಕ್ಷ್ಮದೃಷ್ಟಿಯುಳ್ಳವನು. ಅವನು ಕಂಡಾಗ ಅಳಿವೆಯು ಒಂದು ಮೈಲಿಗೂ ಅಗಲವಾಗಿದ್ದಿತು, ಸ್ವಲ್ಪ ಮುಂದೆ ಎರಡನೆಯ ಬಾಯಿಯಿದ್ದು ನಡುವೆ ದ್ವೀಪವಿದ್ದಿತು, ಎರಡರ ಎದುರಿಗೂ ಕಡಲಿನೊಳಗೆ ಮರಳುದಿಣ್ಣೆಗಳು ಹಬ್ಬಿದ್ದುವು, ಉಬ್ಬರದೊಡನೆಯೇ ಒಳಹೊಗಬೇಕಾಗಿದ್ದಿತು.

ಈ ಎರಡು ಬಾಯಿಗಳಾವುವು? ಇಂದಿನ ಸೇಂಟ್ ಲೂಯಿ ನಗರದ ಉತ್ತರಕ್ಕೆ, ಫ್ರೆಂಚ್ ಭೂಪಟಗಳಲ್ಲಿ ‘ಸೊಳ್ಳೆಗಳ ಹೊಳೆ’ ಎಂದು ಗುರುತಿಸಿರುವ ಹಳೆಯ ಕವಲೊಂದಿದೆ. ಅದೇ ಉತ್ತರದ ಬಾಯಿಯೆಂದು ಹೇಳಬಹುದು. ಅಥವಾ ನಾಲಗೆಯು ಆಗತಾನೆ ಒಡೆದು, ಹಳೆಯ ಬಾಯಿ ಇನ್ನೂ ಮುಚ್ಚದೆ, ಹೊಸದೂ ತೆರೆದಿದ್ದ ಅಲ್ಪಕಾಲದ ಸ್ಥಿತಿಯನ್ನೇ ಅವನು ಕಂಡಿರಬಹುದು. ಎರಡು ಬಾಯಿಗಳೂ ಪರಸ್ಪರ ಸಮೀಪದಲ್ಲಿದ್ದುವೆಂದು ಅವನು ಬರೆದಿರುವುದರಿಂದ ಎರಡನೆಯ ಊಹೆಯೇ ಬಲವಾಗಿ ತೋರುತ್ತದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಉತ್ತರದ ಕವಲು ಜೀವಂತವಾಗಿದ್ದಿತೆಂಬುದನ್ನು ಅಲ್ಲಗಳೆಯಲು ಇದರಿಂದ ಆಧಾರ ದೊರೆಯುವುದಿಲ್ಲ.

ನದಿಯ ಹೆಸರಿನ ವಿಷಯವಾಗಿಯೂ ಎರಡು ಮಾತು ಹೇಳುವುದು ಅಪ್ರಕೃತವಾಗದು. ಉತ್ತರ ದಡದ ಸನ್ಹಾಜ ಅಥವಾ ಜೆನಾಗ ಜನರ ಹೆಸರಿನಿಂದ ಸೆನೆಗಾಲ್ ಎಂಬುದು ಬಂದಿತೆಂಬುದು ಬಹುಜನಸಮ್ಮತವಾದ ವ್ಯುತ್ಪತ್ತಿ. ಅಲ್-ಬಕ್ರಿಯು ನದಿಯ ಎರಡು ದಡಗಳಲ್ಲಿಯೂ ಹಬ್ಬಿ ಕಡಲಿಗೆ ಸಮೀಪವಾಗಿದ್ದ ಸಂಘಾನಾ ಎಂಬ ಪಟ್ಟಣವನ್ನು ಹೆಸರಿಸಿರುವುದರಿಂದ, ಆ ಊರಿನ ಹೆಸರೇ ನದಿಗೆ ಬಂದಿರಬಹುದೆಂದು ಮತ್ತೆ ಕೆಲವರ ವಾದ. ಮೂರನೆಯದು ವೊಲೊಫ್ ಭಾಷೆಯ ‘ಸುನು ಗಾಲ್’, ಎಂದರೆ ‘ನಮ್ಮ ದೋಣಿ’. ಸೇಂಟ್ ಲೂಯಿಯ ಪಾದ್ರಿ ಬೊಯಿಲಾ ೧೮೫೩ರಲ್ಲಿ ಅಚ್ಚು ಹಾಕಿಸಿದ ಗ್ರಂಥದಿಂದ ಇದಕ್ಕೆ ಪ್ರಚಾರ ದೊರೆಯಿತು. ಸ್ವಾತಂತ್ರ್ಯಾನಂತರ ಜನರ ಬಾಯಲ್ಲಿ ಇದೇ ನೆಲೆನಿಂತಿದೆ. ಕೇಳಲು ಇಂಪಾದ ವ್ಯುತ್ಪತ್ತಿಗಳನ್ನು ಸಂಶಯಿಸುವುದು ಭಾಷಾಶಾಸ್ತ್ರದ ರೂಢಿ, ಇದೂ ಅಂತಹುದೇ.

ಫ್ರೆಂಚರು ೧೬೩೮ರಲ್ಲಿ ಅಳಿವೆಯ ಬಳಿಯ ಬೊಕೊಸ್ ಎಂಬ ದ್ವೀಪದಲ್ಲಿ ಕೋಠಿಯನ್ನು ಕಟ್ಟಿದರು. ನೀರು ಅದನ್ನು ಉಳಿಯಗೊಡಲಿಲ್ಲ. ೧೬೫೯ರಲ್ಲಿ ಲೂಯಿ ಕೊಯ್ಯೆ ಎಂಬವನು ಒಳಗಿನ ನ್ದಾರ್ ದ್ವೀಪಕ್ಕೆ ನೆಲೆಯನ್ನು ಬದಲಿಸಿದುದೇ ಸೇಂಟ್ ಲೂಯಿ ನಗರದ ಆರಂಭ. ವೊಲೊಫರಿಗೆ ಅದು ಇಂದಿಗೂ ನ್ದಾರ್. ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ಈ ದ್ವೀಪಕ್ಕೆ ಅಳಿವೆಯ ಮರಳುದಿಣ್ಣೆಯೇ ಕೋಟೆಯಾಯಿತು. ಶತ್ರುವಿನ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹಾಗೆಂದು ಕೋಟೆ ಅಭೇದ್ಯವಾಗಿರಲಿಲ್ಲ. ೧೭೫೮ರಲ್ಲಿಯೂ ೧೮೦೯ರಲ್ಲಿಯೂ ಇಂಗ್ಲಿಷರು ಅದನ್ನು ಹಿಡಿದರು. ೧೮೧೬ರಲ್ಲಿ ಅದನ್ನು ಮರಳಿ ವಶಪಡಿಸಿಕೊಳ್ಳಲು ಬರುತ್ತಿದ್ದ ಫ್ರೆಂಚ್ ಹಡಗು ‘ಮೆಡ್ಯೂಸ್’ ಅರ್ಗುಯಿನಿನ ದಿಣ್ಣೆಯಲ್ಲಿ ಸಿಕ್ಕಿ ನಾಶವಾದ ಕತೆ ಚಿತ್ರಕಲೆಯ ಮೂಲಕ ಲೋಕಪ್ರಸಿದ್ಧವಾಗಿದೆ.

ಮರಳುದಿಣ್ಣೆಯು ಶತ್ರುವಿಗೆ ಮಾತ್ರ ಅಡ್ಡಿಯೆಂದು ತಿಳಿಯಬಾರದು. ೧೭೪೯ರಲ್ಲಿ ಬಂದ ಸಸ್ಯಶಾಸ್ತ್ರಜ್ಞ ಆದಾನ್ಸನನು ಅದನ್ನು ದಾಟುವ ಭಯವನ್ನು ವರ್ಣಿಸಿದ್ದಾನೆ. ಅನುಕೂಲವಾದ ಗಾಳಿಗೂ ಉಬ್ಬರಕ್ಕೂ ಕಾದು ಹಡಗುಗಳು ಹೊರಗೆ ದಿನಗಟ್ಟಲೆ ನಿಲ್ಲಬೇಕಾಗುತ್ತಿದ್ದಿತು. ಒಳನಾಡಿನಿಂದ ತಂದ ಗುಲಾಮರನ್ನು ಇದೇ ಬಾಯಿಯಿಂದ ಹೊರಕ್ಕೆ ಸಾಗಿಸಿದರು. ಹೊರಕ್ಕೆ ಹೋಗುತ್ತಿದ್ದ ಮತ್ತೊಂದು ಸರಕು ಜಾಲಿಯ ಅಂಟು. ಯೂರೋಪಿನಲ್ಲಿ ಬಟ್ಟೆಗೆ ಅಚ್ಚು ಹಾಕಲು ಅದು ಬೇಕಾಗಿದ್ದಿತು. ಒಳಬರುತ್ತಿದ್ದುದರಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದುದೊಂದಿದೆ: ಪುದುಚೇರಿಯಲ್ಲಿಯೂ ಕೋರಮಂಡಲ ತೀರದಲ್ಲಿಯೂ ನೇಯ್ದು ನೀಲಿಯಲ್ಲಿ ಅದ್ದಿದ ‘ಗಿನೆ’ ಎಂಬ ಹತ್ತಿಬಟ್ಟೆ. ಸೆನೆಗಾಲಿನ ಉತ್ತರ ದಡದ ಮೂರ್ ಜನರು ಅಂಟನ್ನು ಮಾರುವಾಗ ಬೆಲೆಯನ್ನು ಈ ಬಟ್ಟೆಯ ಲೆಕ್ಕದಲ್ಲಿಯೇ ಗೊತ್ತುಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯುದ್ದಕ್ಕೂ ಅದು ನಾಣ್ಯದಂತೆ ನಡೆಯಿತು. ಯೂರೋಪಿನ ಗಿರಣಿಗಳು ಅದರ ಅನುಕರಣೆಯನ್ನು ಅಗ್ಗವಾಗಿ ನೇಯ್ದು ಕಳುಹಿಸಿದರೂ, ಮೂರರು ಬಣ್ಣವನ್ನೂ ವಾಸನೆಯನ್ನೂ ನೋಡಿ ಇಂಡಿಯದ ಬಟ್ಟೆಯನ್ನೇ ಬೇಡಿದರು. ತಮಿಳುನಾಡಿನ ನೇಕಾರನಿಗೆ ಈ ಅಳಿವೆಯ ಹೆಸರು ತಿಳಿದಿರಲಾರದು. ಆದರೆ ಅಲ್ಲಿ ಹಡಗು ಸಿಕ್ಕಿಕೊಂಡರೆ ಅವನ ಕೆಲಸಕ್ಕೂ ಪೆಟ್ಟು ಬೀಳುತ್ತಿದ್ದಿತು.

೧೮೮೫ರಲ್ಲಿ ಡಾಕರ್ ಬಂದರಿನಿಂದ ಸೇಂಟ್ ಲೂಯಿಗೆ ರೈಲುಮಾರ್ಗ ತೆರೆದಮೇಲೆ ಅಳಿವೆಯನ್ನು ದಾಟುವ ಅಗತ್ಯವೇ ತಪ್ಪಿತು. ಸರಕು ಡಾಕರಿನಲ್ಲಿಯೇ ಇಳಿಯಿತು. ಫ್ರೆಂಚ್ ಪಶ್ಚಿಮ ಆಫ್ರಿಕದ ರಾಜಧಾನಿಯೂ ೧೯೦೨ರಲ್ಲಿ ಅಲ್ಲಿಗೇ ಹೋಯಿತು. ೧೮೯೭ರಲ್ಲಿ ಕಟ್ಟಿದ ಫೆದೆರ್ಬ್ ಸೇತುವೆಯನ್ನು ಡಾನ್ಯೂಬ್ ನದಿಗೆಂದು ಮಾಡಿ ತಪ್ಪಿ ಇಲ್ಲಿಗೆ ತಂದರೆಂದು ಇಂದಿಗೂ ಪ್ರವಾಸಿಗರಿಗೆ ಹೇಳುವರು, ಅದಕ್ಕೆ ಆಧಾರವಿಲ್ಲ.

ಅಳಿವೆಯ ಚಲನೆಗೆ ನಮ್ಮ ಕಾಲದ ಸಾಕ್ಷ್ಯವೊಂದು ೨೦೦೩ರಲ್ಲಿ ದೊರೆಯಿತು. ಆಗ ಬಾಯಿಯು ನಗರದಿಂದ ಸುಮಾರು ಮೂವತ್ತು ಕಿಲೋಮೀಟರು ದಕ್ಷಿಣಕ್ಕೆ ಸರಿದಿದ್ದಿತು. ಪ್ರವಾಹವು ನಗರವನ್ನು ಮುಳುಗಿಸುವ ಭಯವುಂಟಾದುದರಿಂದ, ಅಕ್ಟೋಬರ್ ೩ರ ರಾತ್ರಿ, ನಗರಕ್ಕೆ ಏಳು ಕಿಲೋಮೀಟರು ದಕ್ಷಿಣದಲ್ಲಿ ಮರಳುಪಟ್ಟಿಯನ್ನು ಅಡ್ಡವಾಗಿ ಕಡಿದು ನಾಲ್ಕು ಮೀಟರು ಅಗಲದ, ಒಂದೂವರೆ ಮೀಟರು ಆಳದ ಕಾಲುವೆಯನ್ನು ತೋಡಲಾಯಿತು. ನೀರು ಇಳಿಯಿತು, ನಗರ ಉಳಿಯಿತು. ಆದರೆ ಕಾಲುವೆಯು ತಿಂಗಳುಗಳಲ್ಲಿ ನೂರಾರು ಮೀಟರು ಅಗಲವಾಗಿ, ಹತ್ತು ವರ್ಷಗಳಲ್ಲಿ ಕಿಲೋಮೀಟರುಗಳ ಲೆಕ್ಕಕ್ಕೆ ಬಂದಿತು. ಹಳೆಯ ಬಾಯಿ ಮುಚ್ಚಿತು. ಒಂದು ರಾತ್ರಿಯ ಕೆಲಸದಿಂದ ಅಳಿವೆಯು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಬಂದಂತಾಯಿತು. ಇದನ್ನು ಮನುಷ್ಯನ ತಪ್ಪೆಂದು ಮಾತ್ರ ಹೇಳುವವರು ನದಿಯು ತಾನಾಗಿಯೇ ಹಿಂದೆ ಹಲವು ಬಾರಿ ಇದನ್ನೇ ಮಾಡಿತ್ತೆಂಬುದನ್ನು ಮರೆಯುವರು. ನದಿಯ ಸ್ವಭಾವವೆಂದು ಮಾತ್ರ ಹೇಳುವವರು, ಎಲ್ಲಿ ಯಾವಾಗ ಒಡೆಯಬೇಕೆಂಬುದನ್ನು ಆ ರಾತ್ರಿ ಗೊತ್ತುಮಾಡಿದವರು ಮನುಷ್ಯರೇ ಎಂಬುದನ್ನೂ, ೧೯೮೬ರಲ್ಲಿ ಮುಗಿದ ದಿಯಾಮಾ ಕಟ್ಟೆಯಿಂದ ನದಿಯ ಕೆಳಭಾಗದ ನಡಿಗೆಯೇ ಬದಲಾಗಿದ್ದಿತೆಂಬುದನ್ನೂ ಮರೆಯುವರು.

ಈಗ ಇದ್ರೀಸಿಯ ಮಾತಿಗೆ ಬರಬಹುದು. ಅಳಿವೆಯ ಸ್ಥಾನದಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರುಗಳ ವ್ಯತ್ಯಾಸವುಂಟಾದರೆ ಪಯಣದಲ್ಲಿ ಕೆಲವು ಗಳಿಗೆಗಳು ಹೆಚ್ಚುಕಡಮೆಯಾಗುವುವೇ ಹೊರತು ದಿನಗಳಲ್ಲ. ಅದರಿಂದ ಅರ್ಗುಯಿನಿನ ವಾದಕ್ಕೆ ಬೆಂಬಲ ಸಿಗದು. ಸೆನೆಗಾಲಿನ ಮುಖಜಭೂಮಿಯಿಂದ ಉತ್ತರಕ್ಕೆ ನ್ವಾಕ್‌ಶಾಟಿನ ಕಡೆಗೆ, ಕಡಲಿಗೆ ಸಮಾನಾಂತರವಾಗಿ, ತೆಳುವಾದ ಮರಳುಗುಡ್ಡಗಳ ಸಾಲಿನ ಹಿಂದೆ, ಅಫ್ತೂತ್ ಎಂಬ ತಗ್ಗುನೆಲವು ಉದ್ದಕ್ಕೂ ಹಬ್ಬಿದೆ. ಅದು ಉಪ್ಪಿನ ನೆಲ; ಹಿಂದೆ ನದಿಯ ನೆರೆನೀರು ಅದರೊಳಕ್ಕೂ ನುಗ್ಗುತ್ತಿದ್ದಿತು. ಕಡಲಿಗೂ ಈ ತಗ್ಗಿಗೂ ನಡುವಣ ನೆಲವು ‘ಜಜೀರಾ’ ಶಬ್ದಕ್ಕೆ ಸರಿಹೊಂದುತ್ತದೆ. ಗುದಾಲರ ನಾಡೆಂಬ ಅಲ್-ಬಕ್ರಿಯ ಮಾತಿಗೂ ವಿರೋಧವಿಲ್ಲ. ಒಂದು ದಿನದ ಅಳತೆಯೂ ಮೀರುವುದಿಲ್ಲ. ಅವ್ಲೀಲನ್ನು ಹುಡುಕತಕ್ಕುದು ಇಲ್ಲಿ. ದೋಣಿಗಳು ತೆರೆದ ಕಡಲಿನಲ್ಲಿ ಬಂದುವೋ, ನೆರೆಗಾಲದಲ್ಲಿ ಒಳನೀರಿನಿಂದಲೇ ಬಂದುವೋ ಎಂಬುದನ್ನು ಗ್ರಂಥದ ಮಾತಿನಿಂದಲೇ ತೀರ್ಮಾನಿಸುವುದು ದುಡುಕಾದೀತು. ಇದ್ರೀಸಿಯಲ್ಲಿ ದೋಷಗಳಿಲ್ಲವೆಂದಲ್ಲ. ಸೂಡಾನಿನಲ್ಲಿ ಬೇರೆ ಉಪ್ಪಿನ ಆಕರವೇ ಇಲ್ಲವೆಂದು ಅವನು ಬರೆದಿರುವನು. ಮರುಭೂಮಿಯ ನಡುವಣ ಉಪ್ಪಿನ ಗಣಿಯನ್ನು ಅಲ್-ಬಕ್ರಿಯು ಅವನಿಗಿಂತ ಮೊದಲೇ ವರ್ಣಿಸಿದ್ದಾನೆ. ಘಾನಾ ಪಟ್ಟಣವನ್ನು ಇದೇ ನದಿಯ ಮೇಲಿಟ್ಟುದೂ ತಪ್ಪು. ಆದರೆ ಉಪ್ಪು ಅಳಿವೆಯಿಂದ ಮೇಲಕ್ಕೆ ಸಾಗುತ್ತಿದ್ದಿತೆಂಬ ತಿರುಳು ಅನಂತರದ ಇತಿಹಾಸಕ್ಕೆ ಒಪ್ಪುತ್ತದೆ: ಅಳಿವೆಯ ಬಳಿಯ ಗಾಂದಿಯೊಲಿನ ಉಪ್ಪನ್ನು ಫ್ರೆಂಚರ ಕಾಲದಲ್ಲಿಯೂ ದೋಣಿಗಳು ಇದೇ ನದಿಯಲ್ಲಿ ಮೇಲ್ನಾಡಿಗೆ ಒಯ್ಯುತ್ತಿದ್ದುವು.

ಅವ್ಲೀಲಿನ ಕುರುಹು ನೆಲದ ಮೇಲೆ ಸಿಗದಿರುವುದನ್ನೇ ಇದ್ರೀಸಿಗೆ ವಿರುದ್ಧವಾದ ಪ್ರಮಾಣವೆಂದು ಹೇಳುವವರು ಗಾಂದಿಯೊಲಿನ ಇತ್ತೀಚಿನ ಸ್ಥಿತಿಯನ್ನು ನೋಡಬೇಕು. ಮರಳಿನ ನಾಲಗೆಗೂ ಆಚೆಯ ದಡಕ್ಕೂ ನಡುವೆ ದೂನ್ ಬಾಬಾ ದಿಯೇ ಎಂಬ ಬೆಸ್ತರ ಹಳ್ಳಿಯಿದ್ದಿತು. ವೊಲೊಫಿನಲ್ಲಿ ‘ದೂನ್’ ಎಂದರೆ ದ್ವೀಪ. ೨೦೦೩ರ ಬಾಯಿಯು ಅಗಲವಾಗುತ್ತ ಬಂದಂತೆ ಕಡಲಿನ ಅಲೆಗಳು ನೇರವಾಗಿ ಅದಕ್ಕೆ ಬಡಿದುವು. ಸುಮಾರು ಹತ್ತು ವರ್ಷಗಳಲ್ಲಿ ಮನೆಗಳೂ ಮಸೀದಿಯೂ ಶಾಲೆಯೂ ನೀರುಪಾಲಾದುವು. ಸುತ್ತಣ ಊರುಗಳ ಬಾವಿಗಳಿಗೆ ಉಪ್ಪುನೀರು ಸೇರಿ ಈರುಳ್ಳಿಯ ತೋಟಗಳು ಕೆಟ್ಟುವು. ಹೊಸ ಬಾಯಿಯನ್ನು ದಾಟುವಾಗ ಅನೇಕ ಬೆಸ್ತರು ಸತ್ತರು. ಹಳ್ಳಿಯವರು ಗಾಂದಿಯೊಲಿನ ದಡದ ಮೇಲೆ ಬೇರೆ ಮನೆಗಳನ್ನು ಕಟ್ಟಿಕೊಂಡರು.